ಅಮೆರಿಕದಲ್ಲಿ ನಿಮ್ಮ ಇನ್ಶೂರೆನ್ಸ್ ಏಜೆಂಟ್‌ಗೆ ಫೆಲೊನಿ ಶಿಕ್ಷೆಯಾದರೆ

ತಮ್ಮಲ್ಲಿ ಕೆಲಸ ಮಾಡುವ ಏಜೆಂಟ್‌ಗೆ ಫೆಲೊನಿ ಶಿಕ್ಷೆಯಾದರೆ ಏನು ಮಾಡಬೇಕು ಅನ್ನೋದನ್ನು ಅಮೆರಿಕದಲ್ಲಿ ಇನ್ಶೂರೆನ್ಸ್ ಏಜೆನ್ಸಿ ನಡೆಸುವ ನಮ್ಮವರು ತಿಳಿದಿರಲೇಬೇಕು. ಫೆಲೊನಿ ಅಂದರೆ ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಜಾಸ್ತಿ ಜೈಲಾಗಬಹುದಾದ ಅಪರಾಧ.

ಮೊದಲು ಕೋರ್ಟಿನ ಕಾಗದ ತರಿಸಿ. ಯಾರೋ ಹೇಳಿದ್ದನ್ನು ನಂಬಿ ಕೆಲಸದಿಂದ ತೆಗೆಯಬೇಡಿ, ಸುಮ್ನೆ ಕೂರಲೂಬೇಡಿ. ಆರೋಪಪಟ್ಟಿ ಮತ್ತು ತೀರ್ಪಿನ ದೃಢೀಕೃತ ಪ್ರತಿ ಎರಡೂ ಬೇಕು, ಯಾಕಂದ್ರೆ ಅಪರಾಧ ಯಾವ ಬಗೆಯದು ಅನ್ನೋದೇ ಇಲ್ಲಿ ಮುಖ್ಯ.

ಮೋಸ, ಕಳ್ಳತನ, ನಂಬಿಕೆದ್ರೋಹದಂಥ ಫೆಲೊನಿ ಆಗಿದ್ದರೆ 1994ರ ಫೆಡರಲ್ ಕಾನೂನು ಅಡ್ಡ ಬರುತ್ತದೆ. ರಾಜ್ಯದ ವಿಮಾ ನಿಯಂತ್ರಕರ ಲಿಖಿತ ಒಪ್ಪಿಗೆ ಇಲ್ಲದೆ ಆ ವ್ಯಕ್ತಿ ವಿಮಾ ವ್ಯವಹಾರದಲ್ಲಿ ಇರುವಂತಿಲ್ಲ, ಗೊತ್ತಿದ್ದೂ ಬೇಕಂತಲೇ ಇಟ್ಟುಕೊಂಡ ಮಾಲೀಕರಿಗೂ 5 ವರ್ಷದವರೆಗೆ ಜೈಲಾಗಬಹುದು. ಹಾಗಾಗಿ ಅಂದೇ ಆ ಏಜೆಂಟ್ ಪಾಲಿಸಿ ಮಾರುವುದನ್ನೂ ಪ್ರೀಮಿಯಂ ಹಣ ಮುಟ್ಟುವುದನ್ನೂ ನಿಲ್ಲಿಸಿ. ಒಳ್ಳೆ ಹುಡುಗ, ಪಾಪ ಅಂತ ಆಫೀಸಿನಲ್ಲಿ ಬೇರೆ ಕೆಲಸ ಕೊಡುವುದೂ ಅಪಾಯವೇ. ವಕೀಲರನ್ನು ಕೇಳದೆ ಕೊಡಬೇಡಿ.

ಮುಂದಿನದು ರಾಜ್ಯದ ವಿಮಾ ಇಲಾಖೆಗೆ ತಿಳಿಸುವುದು. ಬಹಳಷ್ಟು ರಾಜ್ಯಗಳಲ್ಲಿ ಏಜೆಂಟ್ ತಾನೇ 30 ದಿನದೊಳಗೆ ವರದಿ ಕೊಡಬೇಕು. ಆ ಲೆಕ್ಕ ತೀರ್ಪಿನಿಂದಲ್ಲ, ಎಷ್ಟೋ ಕಡೆ ವಿಚಾರಣೆ ಶುರುವಾಗುವ ಮುಂಚಿನ ಮೊದಲ ಕೋರ್ಟ್ ಹಾಜರಿಯಿಂದಲೇ ಶುರು! ಇದನ್ನು ಮುಚ್ಚಿಟ್ಟರೆ ಅದೇ ಇನ್ನೊಂದು ತಪ್ಪು.

ಇಲಾಖೆ ನೋಟಿಸ್ ಕೊಡುತ್ತದೆ, ಏಜೆಂಟ್ ವಿಚಾರಣೆ ಕೇಳಬಹುದು. ಕೊನೆಗೆ ದಂಡ, ಅಮಾನತು ಅಥವಾ ಲೈಸೆನ್ಸ್ ರದ್ದು. ಬೇರೆ ರಾಜ್ಯಗಳ ಲೈಸೆನ್ಸ್ ಇದ್ದರೆ ಈ ಆದೇಶವನ್ನು ಅಲ್ಲಿಗೂ ತಿಳಿಸಬೇಕು.

ಅಷ್ಟರಲ್ಲಿ ಆ ಏಜೆಂಟ್‌ನ ಗ್ರಾಹಕರ ಫೈಲುಗಳನ್ನು ಒಂದೊಂದಾಗಿ ತೆರೆದು, ಕಟ್ಟಿದ ಪ್ರೀಮಿಯಂ ಕಂಪನಿಗೆ ತಲುಪಿದೆಯಾ ಅಂತ ರಸೀದಿ ಹಿಡಿದು ನೋಡಿ. ಹಣ ಕಟ್ಟಿಯೂ ಪಾಲಿಸಿ ಇಲ್ಲದವರು ಸಿಕ್ಕರೆ, ಅವರಿಗೆ ಮೊದಲು ಫೋನ್ ಮಾಡಿ.