ಅಣ್ಣ ತಮ್ಮನ ದನಿ ಒಂದೇ ಎಂದ ಲೆಕ್ಕ

ನಾನು ವಿಜಯಪುರದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಫೋನಿನಲ್ಲಿ ರೆಕಾರ್ಡ್ ಆದ ದನಿ ಇಂಥವನದೇನಾ ಎಂದು ತೂಗುವ ಲೆಕ್ಕವನ್ನು ಎಷ್ಟು ನಂಬಬಹುದು? ಒಂದು ಸಿದ್ಧ ಸಾಫ್ಟ್‌ವೇರ್ ಹಿಡಿದು ಅದನ್ನು ನಾನೇ ಪರೀಕ್ಷಿಸಿ ನೋಡಿದೆ.

ಈ ಲೆಕ್ಕ ಹೌದು, ಅಲ್ಲ ಅಂತ ಹೇಳುವುದಿಲ್ಲ. ಎರಡೂ ದನಿ ಒಬ್ಬನದೇ ಆಗಿದ್ದರೆ ಇಷ್ಟು ಹೋಲಿಕೆ ಸಿಗುವ ಸಂಭವ ಎಷ್ಟು, ಬೇರೆಯವರದಾಗಿದ್ದರೆ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಲೈಕ್‌ಲಿಹುಡ್ ರೇಷಿಯೋ ಬರುತ್ತದೆ. ಅದು 100 ಬಂತು ಅಂದರೆ ‘ಇವನೇ, ನೂರಕ್ಕೆ ತೊಂಬತ್ತೊಂಬತ್ತು ಖಾತ್ರಿ’ ಅಂತ ಅರ್ಥವಲ್ಲ. ಓದಿದವರೂ ಇಲ್ಲಿ ಎಡವುತ್ತಾರೆ. ಉಳಿದ ಸಾಕ್ಷ್ಯದ ಜೊತೆ ಇದನ್ನು ಸೇರಿಸಿ ನೋಡುವುದು ನ್ಯಾಯಾಲಯದ ಕೆಲಸ.

ಲೆಕ್ಕವನ್ನು ಅಳೆಯಲು ಉತ್ತರ ಮೊದಲೇ ಗೊತ್ತಿರುವ ದನಿಗಳು ಬೇಕು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ 40 ಗಂಡಸರನ್ನು ಒಪ್ಪಿಸಿದೆ. ಮೂರು ವಾರದ ಅಂತರದಲ್ಲಿ ಎರಡೆರಡು ಸಲ, ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡೆ. ಒಂದೇ ದಿನ ಮುಗಿಸಿದರೆ ಅದೇ ಜಾಗ, ಅದೇ ನೆಗಡಿ. ಲೆಕ್ಕ ಇರುವುದಕ್ಕಿಂತ ಜಾಣನಂತೆ ಕಾಣುತ್ತದೆ. ಓದಿಸಿದರೆ ಎಲ್ಲರೂ ಪುಸ್ತಕದ ಕನ್ನಡಕ್ಕೆ ಹೋಗಿಬಿಡುತ್ತಾರೆ. ಅದಕ್ಕೇ ಮಳೆ, ತೊಗರಿ ರೇಟು, ದ್ರಾಕ್ಷಿ ಅಂತ ಸುಮ್ನೆ ಮಾತಾಡಿಸಿದೆ. “ನನ್ನ ದನಿ ನಂದ ಅಲ್ಲೇನ್ರಿ ಸರ, ಅದಕ್ಕೇನ ಪರೀಕ್ಷಾ?” ಅಂತ ಇಂಡಿಯ ಹಿರಿಯರೊಬ್ಬರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಮೊದಲ ಸಲದ ದನಿಗಳನ್ನು ಎರಡನೇ ಸಲದವುಗಳ ಜೊತೆ ಹೋಲಿಸಿದಾಗ ಒಬ್ಬನದೇ ಜೋಡಿ 40, ಬೇರೆಯವರ ಜೋಡಿ 1560. ಎರಡೂ ಬಗೆಯ ಜೋಡಿಗಳ ಅಂಕಿಗಳನ್ನು ಒಂದೊಂದು ಗೆರೆಯಾಗಿ ತೋರಿಸುವ ಟಿಪೆಟ್ ಪ್ಲಾಟ್ ಎಂಬ ನಕ್ಷೆ ಬಿಡಿಸಿದೆ. ಎರಡು ಗೆರೆ ಚೆನ್ನಾಗಿ ದೂರ ನಿಂತಿದ್ದವು. ತುಂಬಾ ಖುಷಿಯಾಯಿತು.

ಆಮೇಲೆ ಸಿ‌ಎಲ್‌ಎಲ್‌ಆರ್ ತೆಗೆದೆ. ಇಂಥ ಲೆಕ್ಕ ಎಷ್ಟು ಸರಿ ಎಂದು ನೋಡಲು ಬ್ರೂಮರ್ ಮತ್ತು ಡು ಪ್ರೀಜ್ ಎಂಬ ಸಂಶೋಧಕರು 2006ರಲ್ಲಿ ವಿವರಿಸಿದ ಅಳತೆ ಇದು, ಕಡಿಮೆ ಬಂದಷ್ಟೂ ಒಳ್ಳೆಯದು. ತಪ್ಪು ದಾರಿಗೆ ಎಳೆದ ಪ್ರತಿ ಅಂಕಿಗೂ ದಂಡ ಹಾಕುತ್ತದೆ, ಎಷ್ಟು ಜೋರಾಗಿ ಎಳೆಯಿತೋ ಅಷ್ಟು ಜಾಸ್ತಿ. ಬೇರೆಯವರ ಜೋಡಿಗೆ 2 ಕೊಟ್ಟರೆ ದಂಡ ಸುಮಾರು 1.6. ಅದೇ ಜೋಡಿಗೆ 1000 ಕೊಟ್ಟರೆ ಸುಮಾರು 10. ಕೊನೆಗೆ ಈ ದಂಡಗಳ ಸರಾಸರಿ ತೆಗೆಯುತ್ತದೆ. ಯಾವ ಜೋಡಿ ಬಂದರೂ 1, ಅಂದರೆ ಯಾವ ಕಡೆಗೂ ಇಲ್ಲ, ಅಂತ ಹೇಳಿ ಸುಮ್ಮನಿರುವ ಲೆಕ್ಕಕ್ಕೆ ಸರಿಯಾಗಿ 1 ಬರುತ್ತದೆ. ನನ್ನದು 1 ದಾಟಿತ್ತು. ಅಂದರೆ ಬಾಯಿ ಮುಚ್ಚಿಕೊಂಡಿರುವುದೇ ಅದಕ್ಕಿಂತ ವಾಸಿ! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಅಂಕಿಯ ಮೇಲೆ ಒಬ್ಬ ಮನುಷ್ಯ ಜೈಲಿಗೆ ಹೋಗಬಹುದು, ಅಲ್ವಾ?

ಜೋಡಿಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಸಿಂದಗಿಯ ಅಣ್ಣ ತಮ್ಮಂದಿರಿಗೆ ಸಾವಿರ ದಾಟಿದ ಅಂಕಿ ಬಂದಿತ್ತು. ಅವರಿಬ್ಬರೇ ಅಲ್ಲ, ಬಂಧುಗಳಲ್ಲದವರಿಗೂ ದೊಡ್ಡ ದೊಡ್ಡ ಅಂಕಿಗಳಿದ್ದವು. ಕಾರಣ ಸಿಕ್ಕಿತು. ಆ ಸಾಫ್ಟ್‌ವೇರ್ ಕಲಿತದ್ದು ಇಂಗ್ಲಿಷ್ ಮಾತಿನಿಂದ. ಅದರ ಪಾಲಿಗೆ ‘ಬೇರೆಯವರು’ ಅಂದರೆ ಆ ಜನ. ಅವರ ನಡುವೆ ನಮ್ಮ ಕಡೆಯ ಯಾವ ಇಬ್ಬರನ್ನು ನಿಲ್ಲಿಸಿದರೂ ಒಂದೇ ಥರ ಕೇಳಿಸುತ್ತಾರೆ.

ನಮ್ಮ ದನಿಗಳಿಂದಲೇ ಲಾಜಿಸ್ಟಿಕ್ ರಿಗ್ರೆಶನ್ ಎಂಬ ಸಂಖ್ಯಾಶಾಸ್ತ್ರದ ವಿಧಾನ ಬಳಸಿ ಅಂಕಿಗಳನ್ನು ಕ್ಯಾಲಿಬ್ರೇಟ್ ಮಾಡಿದೆ, ಅಂದರೆ ನಮ್ಮ ಜನಕ್ಕೆ ಹೊಂದುವಂತೆ ತಿದ್ದಿದೆ. ಯಾವ ಜೋಡಿಗೆ ಅಂಕಿ ಬೇಕೋ ಆ ಇಬ್ಬರನ್ನೂ ಪ್ರತಿ ಸಲ ಕಲಿಕೆಯಿಂದ ಹೊರಗಿಟ್ಟೆ. ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ಮೊದಲೇ ತೋರಿಸಿ ಪರೀಕ್ಷೆ ಮಾಡಿದ ಹಾಗೆ. ಸಿ‌ಎಲ್‌ಎಲ್‌ಆರ್ 1ರಿಂದ ಸಾಕಷ್ಟು ಕೆಳಗಿಳಿಯಿತು. ದೊಡ್ಡ ಅಂಕಿಗಳು ಕುಗ್ಗಿದವು. 40 ಜನರ ದನಿ ಇಟ್ಟುಕೊಂಡು ಲಕ್ಷದ ಅಂಕಿ ಹೇಳುವುದು ಹೇಗೂ ನ್ಯಾಯವಲ್ಲ.

ಆದರೆ ಸಿಂದಗಿಯ ಅಣ್ಣ ತಮ್ಮನ ಲೈಕ್‌ಲಿಹುಡ್ ರೇಷಿಯೋ ಈಗಲೂ 1ರ ಮೇಲೇ ಇದೆ, ಅಂದರೆ ಲೆಕ್ಕ ಇನ್ನೂ ‘ಒಬ್ಬನೇ’ ಎಂಬ ಕಡೆಗೇ ವಾಲುತ್ತಿದೆ. ಕ್ಯಾಲಿಬ್ರೇಶನ್ ಅಂಕಿಯ ಗಾತ್ರ ತಿದ್ದುತ್ತದೆಯೇ ಹೊರತು ಲೆಕ್ಕಕ್ಕೆ ಕೇಳಿಸದ ವ್ಯತ್ಯಾಸವನ್ನು ಕೇಳಿಸುವುದಿಲ್ಲ. ‘ಮಾತಾಡಿದ್ದು ನಾನಲ್ಲ, ನನ್ನ ತಮ್ಮ’ ಅಂತ ಯಾರಾದರೂ ಹೇಳಿದರೆ ಹೋಲಿಸಬೇಕಾದ ಗುಂಪೇ ಬೇರೆ. ಅದಕ್ಕಾಗಿ ಈಗ ಅಣ್ಣ ತಮ್ಮಂದಿರ ದನಿಗಳನ್ನೇ ಕೂಡಿಸುತ್ತಿದ್ದೇನೆ. ಇಲ್ಲಿಯವರೆಗೆ ಏಳು ಜೋಡಿ ಸಿಕ್ಕಿದ್ದಾರೆ.