ಏಜೆಂಟ್ ಕೈಗೆ ಬಣ್ಣದ ಡಬ್ಬಿ ಕೊಟ್ಟ ಕಥೆ

ನನ್ನ ಸ್ಪ್ರೆಡ್‌ಶೀಟ್‌ನ ದಿನಾಂಕದ ಕಾಲಂನಲ್ಲಿ ಒಂದು ದಿನಾಂಕವೂ ಇರಲಿಲ್ಲ. 45658, 45659, 45660 ಅಂತ ಬರೀ ಅಂಕಿಗಳು. ನಾನು ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಪ್ರೋಗ್ರಾಂಗೆ, ಹೇಳಿದ್ದು ಇಷ್ಟೇ: 'ಈ ಸಾಲುಗಳಿಗೆ ತಿಳಿ ಹಳದಿ ಬಣ್ಣ ಹಾಕು.' ಬಣ್ಣವೇನೋ ಚೆನ್ನಾಗಿಯೇ ಬಿದ್ದಿತ್ತು.

ಡೇಟಾ ಹಾಳಾಗಿರಲಿಲ್ಲ, ಅದೊಂದು ಸಮಾಧಾನ. ಸ್ಪ್ರೆಡ್‌ಶೀಟ್ ಒಳಗೆ ದಿನಾಂಕ ಅನ್ನೋದು ಒಂದು ಸಂಖ್ಯೆ ಅಷ್ಟೇ. 45658 ಅಂದರೆ 2025ರ ಜನವರಿ 1. ಅದನ್ನು ದಿನಾಂಕದ ಹಾಗೆ ತೋರಿಸುವುದು ಸೆಲ್‌ನ ಫಾರ್ಮ್ಯಾಟ್. ಬಣ್ಣ ಬಳಿಯುವಾಗ ಆ ಫಾರ್ಮ್ಯಾಟ್ ಅಳಿಸಿಹೋಗಿತ್ತು.

ನನ್ನ ಕೆಲಸ ತೀರಾ ಸಾಮಾನ್ಯದ್ದು. ಪ್ರತಿ ವಾರ ಒಂದು ವರದಿ. ಅಂಕಿ ತುಂಬುವ ಕೆಲಸವನ್ನು ಏಜೆಂಟ್ ಆಗಲೇ ಮಾಡುತ್ತಿತ್ತು. ಕೊನೆಗೆ ತಲೆಸಾಲು ದಪ್ಪ ಮಾಡೋದು, ದಶಮಾಂಶ ಸರಿ ಮಾಡೋದು, ಗೆರೆ ಎಳೆಯೋದು ಮಾತ್ರ ನನ್ನ ಪಾಲಿಗೆ ಉಳಿದಿತ್ತು. ಅದನ್ನೂ ಒಪ್ಪಿಸೋಣ ಅಂತ ಗೂಗಲ್ ಶೀಟ್ಸ್ ಎಪಿಐ (ಬೇರೆ ಪ್ರೋಗ್ರಾಂಗಳು ಶೀಟನ್ನು ಓದಿ ಬದಲಿಸುವ ದಾರಿ) ಮೇಲೆ ಒಂದು ಚಿಕ್ಕ ಟೂಲ್, ಅಂದರೆ ಏಜೆಂಟ್ ಬಳಸಬಹುದಾದ ಪ್ರೋಗ್ರಾಂ, ಬರೆದೆ. ಏಜೆಂಟ್‌ಗೆ ಅದನ್ನು ಜೋಡಿಸಿದ್ದು ಎಂಸಿಪಿ ಮೂಲಕ. ಏಜೆಂಟ್‌ಗಳಿಗೆ ಟೂಲ್ ಜೋಡಿಸಲು 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ ಪದ್ಧತಿ ಅದು. ಜೋಡಿಸೋದು ಸುಲಭದ ಭಾಗ.

ಮೊದಲ ಟೂಲ್ ಬರೆಯುವಾಗ ಸೋಮಾರಿತನ ಮಾಡಿದೆ. ಎಪಿಐನಲ್ಲಿ 'ರಿಪೀಟ್‌ಸೆಲ್' ಅನ್ನುವ ವಿನಂತಿ ಇದೆ: ಒಂದು ರೇಂಜ್‌ಗೆ, ಅಂದರೆ ಆರಿಸಿದ ಸೆಲ್‌ಗಳ ಗುಂಪಿಗೆ, ಪೂರ್ತಿ ಒಂದೇ ಫಾರ್ಮ್ಯಾಟ್ ಹಾಕುತ್ತದೆ. ಅದನ್ನು ಹಾಗೇ ಏಜೆಂಟ್ ಕೈಗೆ ಕೊಟ್ಟುಬಿಟ್ಟೆ. ಆ ವಿನಂತಿಗೆ 'ಫೀಲ್ಡ್ಸ್' ಅಂತ ಒಂದು ಪಟ್ಟಿ ಬೇಕು. ಯಾವ ಗುಣಗಳನ್ನು ಮುಟ್ಟಬೇಕು ಅಂತ ಅದು ಹೇಳುತ್ತದೆ. ಹಿನ್ನೆಲೆ ಬಣ್ಣ ಅಂತ ಮಾತ್ರ ಬರೆದರೆ ಅದೊಂದೇ ಬದಲಾಗುತ್ತದೆ. ಇಡೀ ಫಾರ್ಮ್ಯಾಟ್ ಅಂತ ಬರೆದು, ಒಳಗೆ ಬಣ್ಣ ಮಾತ್ರ ಕೊಟ್ಟರೆ ಉಳಿದದ್ದೆಲ್ಲ ಅಳಿಸಿಹೋಗುತ್ತದೆ. ಏಜೆಂಟ್ ಬರೆದದ್ದು ಎರಡನೆಯದನ್ನು. 'ಎಲ್ಲವೂ' ಅನ್ನುವ ಅರ್ಥದ ನಕ್ಷತ್ರ ಚಿಹ್ನೆ (*) ಹಾಕಿದ್ದರೆ ಸೆಲ್‌ನಲ್ಲಿದ್ದ ಮೌಲ್ಯವೂ ಹೋಗುತ್ತಿತ್ತು! ಇದೆಲ್ಲ ದಾಖಲೆಯಲ್ಲಿ ಸ್ಪಷ್ಟವಾಗೇ ಇದೆ. ಓದಬೇಕಿದ್ದವನು ನಾನು, ಅಲ್ವಾ?

ಈಗ ಆ ಪಟ್ಟಿಯನ್ನು ಏಜೆಂಟ್ ಬರೆಯುವುದೇ ಇಲ್ಲ. ಅದು ಏನೇನು ಕೇಳಿದೆಯೋ ಅದನ್ನು ನೋಡಿ ಟೂಲ್ ತಾನೇ ತಯಾರಿಸುತ್ತದೆ.

ಎರಡನೇ ತಲೆನೋವು ಎಣಿಕೆಯದು. ಎಪಿಐ ಸಾಲುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಕೊನೆಯ ಸಂಖ್ಯೆ ರೇಂಜ್‌ಗೆ ಸೇರುವುದಿಲ್ಲ. ಮೊದಲ ಸಾಲು ಬೇಕಿದ್ದರೆ 0ಯಿಂದ 1 ಅನ್ನಬೇಕು. ಏಜೆಂಟ್ ಎಷ್ಟೋ ಸಲ 1ರಿಂದ 2 ಅಂದು, ತಲೆಸಾಲು ಬಿಟ್ಟು ಅದರ ಕೆಳಗಿನ ಸಾಲನ್ನು ದಪ್ಪ ಮಾಡುತ್ತಿತ್ತು. ಬಣ್ಣದ ಅಳತೆಯೂ ಅಷ್ಟೇ: ಎಪಿಐಗೆ ಬೇಕಾದದ್ದು 0ಯಿಂದ 1ರ ಒಳಗಿನ ಭಿನ್ನರಾಶಿ, ಏಜೆಂಟ್ ಕಳಿಸುತ್ತಿದ್ದದ್ದು 0ಯಿಂದ 255ರ ಲೆಕ್ಕ. ಸೂಚನೆಯಲ್ಲಿ ಬರೆದು ಬರೆದು ಸಾಕಾಯಿತು. ಕೊನೆಗೆ ನಾವೆಲ್ಲ ಬಳಸುವ 'ಎ1:ಡಿ1' ಥರದ ವಿಳಾಸವನ್ನೇ ಟೂಲ್ ತೆಗೆದುಕೊಳ್ಳುವ ಹಾಗೆ ಮಾಡಿದೆ. ಆ ತಪ್ಪು ಅಲ್ಲಿಗೇ ನಿಂತಿತು.

ಬಣ್ಣವನ್ನಂತೂ ಪೂರ್ತಿ ಕಿತ್ತುಕೊಂಡೆ. ಸ್ವಾತಂತ್ರ್ಯ ಕೊಟ್ಟಷ್ಟು ದಿನ ಪ್ರತಿ ವಾರ ಒಂದೊಂದು ನೀಲಿ ಬರುತ್ತಿತ್ತು. ಈಗ ಟೂಲ್‌ನಲ್ಲಿ ಏಳೇ ಶೈಲಿಗಳಿವೆ: ತಲೆಸಾಲು, ಮೊತ್ತ, ದಿನಾಂಕ, ಶೇಕಡ, ಟಿಪ್ಪಣಿ, ಎಚ್ಚರಿಕೆ, ಸಾದಾ. ಏಜೆಂಟ್ ರೇಂಜ್ ಹೇಳಬೇಕು, ಶೈಲಿಯ ಹೆಸರು ಹೇಳಬೇಕು. ಬೇರೆ ಹೆಸರು ಕೊಟ್ಟರೆ ಟೂಲ್ ಈ ಏಳನ್ನೂ ಪಟ್ಟಿ ಮಾಡಿ ವಾಪಸ್ ಕಳಿಸುತ್ತದೆ. ಅದನ್ನು ನೋಡಿ ಏಜೆಂಟ್ ಮುಂದಿನ ಸಲ ಸರಿಯಾದದ್ದನ್ನು ಆರಿಸುತ್ತದೆ. ಬರೀ 'ತಪ್ಪಾಗಿದೆ' ಅಂದರೆ ಸುಮ್ನೆ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿತ್ತು.

ಇನ್ನೊಂದು ಬದಲಾವಣೆಗೆ ಜಾಸ್ತಿ ಯೋಚಿಸಬೇಕಾಯಿತು. ಏಜೆಂಟ್‌ಗೆ ಶೀಟ್ ಕಾಣುವುದಿಲ್ಲ. ಟೂಲ್ 'ಆಯಿತು' ಅಂದರೆ ಆಯಿತು ಅಂತಲೇ ನಂಬುತ್ತದೆ, ನನಗೂ ಧೈರ್ಯವಾಗಿ ಹಾಗೇ ಹೇಳುತ್ತದೆ. ಹಾಗಾಗಿ ಫಾರ್ಮ್ಯಾಟ್ ಹಾಕಿದ ಮೇಲೆ ಟೂಲ್ ಆ ಸೆಲ್‌ಗಳನ್ನು ಮತ್ತೆ ಓದುತ್ತದೆ. ಮೊದಲ ಮೂರು ಸೆಲ್ ಈಗ ಕಣ್ಣಿಗೆ ಹೇಗೆ ಕಾಣುತ್ತವೋ ಹಾಗೇ ವರದಿ ಕೊಡುತ್ತದೆ. ದಿನಾಂಕದ ಜಾಗದಲ್ಲಿ 45658 ಕಂಡರೆ ಏಜೆಂಟ್ ತಾನೇ ಎಚ್ಚೆತ್ತುಕೊಂಡು ಸರಿ ಮಾಡುತ್ತದೆ.

ರದ್ದು ಮಾಡುವ ಟೂಲ್ ಕೂಡ ಕೊಟ್ಟೆ, ಅಲ್ಲೂ ಎಡವಿದೆ. ಪ್ರತಿ ಸೆಲ್‌ಗೆ ಎಪಿಐ ಎರಡು ಫಾರ್ಮ್ಯಾಟ್ ತೋರಿಸುತ್ತದೆ. ಒಂದು ನಾವು ಹಾಕಿದ್ದು. ಇನ್ನೊಂದು ಷರತ್ತಿನ ಬಣ್ಣ (ಸೆಲ್‌ನ ಮೌಲ್ಯ ನೋಡಿ ಶೀಟ್ ತಾನೇ ಹಾಕುವ ಬಣ್ಣ) ಎಲ್ಲ ಸೇರಿ ಕೊನೆಗೆ ಕಾಣುವುದು. ನಾನು ಎರಡನೆಯದನ್ನು ಉಳಿಸಿಕೊಂಡು, ರದ್ದು ಮಾಡುವಾಗ ವಾಪಸ್ ಬರೆಯುತ್ತಿದ್ದೆ. ಷರತ್ತಿನಿಂದ ಬಂದಿದ್ದ ಕೆಂಪು ಸೆಲ್‌ಗೇ ಅಂಟಿಕೊಂಡಿತು. ಮೌಲ್ಯ ಸರಿಯಾದ ಮೇಲೂ ಕೆಂಪು ಹೋಗಲಿಲ್ಲ. ಕಾರಣ ಹುಡುಕಲು ಒಂದು ಮಧ್ಯಾಹ್ನ ಹಿಡಿಯಿತು.

ಏಜೆಂಟ್‌ಗೂ ಇದೇ ಚಾಳಿ ಇತ್ತು. 'ನಷ್ಟ ಇರುವುದನ್ನು ಕೆಂಪು ಮಾಡು' ಅಂದರೆ ಒಂದೊಂದೇ ಸೆಲ್ ಹುಡುಕಿ ಬಳಿಯುತ್ತಿತ್ತು. ಮುಂದಿನ ವಾರ ಅಂಕಿ ಬದಲಾದರೆ ಕೆಂಪು ಸುಳ್ಳಾಗುತ್ತಿತ್ತು. ಈಗ 'ಎಚ್ಚರಿಕೆ' ಶೈಲಿ ಬೇಕಿದ್ದರೆ ಷರತ್ತನ್ನೂ ಕೊಡಲೇಬೇಕು. ಷರತ್ತಿಲ್ಲದೆ ಕೆಂಪು ಇಲ್ಲ.

ಒಂದು ವರದಿಗೆ ಬೇಕಾದ ಬದಲಾವಣೆಗಳನ್ನೆಲ್ಲ ಒಂದೇ 'ಬ್ಯಾಚ್‌ಅಪ್‌ಡೇಟ್'ನಲ್ಲಿ ಕಳಿಸುತ್ತೇನೆ. ಅದರಲ್ಲಿ ಒಂದು ವಿನಂತಿ ತಪ್ಪಿದ್ದರೂ ಯಾವುದೂ ಜಾರಿಯಾಗುವುದಿಲ್ಲ. ಅರ್ಧ ಬಣ್ಣ ಬಳಿದ ಶೀಟ್ ಕಾಣುವ ಕಾಟ ತಪ್ಪಿದೆ.

ಸೆಲ್ ವಿಲೀನ ಮಾತ್ರ ಇನ್ನೂ ಕೊಟ್ಟಿಲ್ಲ. ವಿಲೀನ ಮಾಡಿದರೆ ಮೇಲಿನ ಎಡಮೂಲೆಯ ಮೌಲ್ಯ ಉಳಿಯುತ್ತದೆ, ಉಳಿದವು ಮಾಯ. ಏಜೆಂಟ್ ಆಗಾಗ ಕೇಳುತ್ತದೆ, 'ಶೀರ್ಷಿಕೆಯನ್ನು ವಿಲೀನ ಮಾಡಿದರೆ ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಟೂಲ್ ಇಲ್ಲ' ಅಂತ. ಅದೊಂದನ್ನು ನಾನೇ ಕೈಯಾರೆ ಮಾಡುತ್ತೇನೆ.