ವಿಕಿಪೀಡಿಯದ ಬರಹ, ಫೋಟೊ ನಿಮ್ಮ ಹೋಮ್‌ಸ್ಟೇ ಕರಪತ್ರಕ್ಕೆ: ಬಳಸುವುದು ಹೇಗೆ?

ಗೋಕರ್ಣ, ಮುರುಡೇಶ್ವರ, ಶಿರಸಿ ಕಡೆ ಹೋಮ್‌ಸ್ಟೇ ನಡೆಸುವವರಿಗೆ ಸೀಸನ್ ಶುರುವಾಗುವ ಮೊದಲು ಕರಪತ್ರ ಬೇಕು. ಯಾಣದ ಬಗ್ಗೆ ನಾಲ್ಕು ಸಾಲು, ಬನವಾಸಿಯ ಮಧುಕೇಶ್ವರ ದೇವಸ್ಥಾನದ ಒಂದು ಚಂದದ ಫೋಟೊ. ಡಿಟಿಪಿ ಮಾಡುವವರು ವಿಕಿಪೀಡಿಯದಿಂದ ಎತ್ತಿ ಹಾಕಿಬಿಡುತ್ತಾರೆ. ದುಡ್ಡು ದುಡಿಯುವ ಕೆಲಸಕ್ಕೆ ಹಾಗೆ ಬಳಸಬಹುದಾ? ಬಳಸಬಹುದು. ಯಾರ ಅನುಮತಿಯೂ ಬೇಡ, ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಷರತ್ತು ಮಾತ್ರ ಇದೆ.

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಬರೆಯುವವರು ಸಂಬಳಕ್ಕಾಗಿ ಬರೆಯುವವರಲ್ಲ. ತಮ್ಮ ಬರಹವನ್ನು ಅವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಈಗಿರುವುದು ಅದರ ‘ಸಿಸಿ ಬಿವೈ-ಎಸ್‌ಎ’ ಎಂಬ ಬಗೆಯ 4.0 ಆವೃತ್ತಿ, 2023ರ ಜೂನ್‌ಗೆ ಮೊದಲು 3.0 ಇತ್ತು. ವ್ಯಾಪಾರಕ್ಕೂ ಬಳಸಲಿ ಎಂದು ಬೇಕೆಂದೇ ಹೀಗೆ ಬಿಟ್ಟಿದ್ದು. ಬದಲಿಗೆ ಕೇಳುವುದು ಎರಡು. ಬರೆದವರ ಹೆಸರು ಹೇಳಿ. ತಿದ್ದಿ ಬಳಸಿದರೆ, ತಿದ್ದಿದ್ದನ್ನೂ ಇದೇ ಪರವಾನಗಿಯಲ್ಲಿ ಬಿಡಿ.

ಮೊದಲ ಕೆಲಸ: ಹೆಸರು ಹಾಕುವುದು

ಒಂದೊಂದು ಲೇಖನವನ್ನೂ ಹಲವರು ಸೇರಿ ಬರೆದಿರುತ್ತಾರೆ. ಎಲ್ಲರ ಹೆಸರು ಅಚ್ಚು ಹಾಕಬೇಕಿಲ್ಲ. ಲೇಖನದ ವೆಬ್ ವಿಳಾಸ ಕೊಟ್ಟರೆ ಸಾಕು. ಅಲ್ಲಿನ ‘ಇತಿಹಾಸ’ ಒತ್ತಿದರೆ ಯಾರು ಯಾವಾಗ ಏನು ಬರೆದರು ಎಂಬುದೆಲ್ಲ ಸಿಗುತ್ತದೆ. ಕರಪತ್ರದ ಹಿಂಬದಿಯಲ್ಲಿ ಹೀಗೆ ಹಾಕಿ:

“ಯಾಣದ ಕುರಿತ ಬರಹ: ಕನ್ನಡ ವಿಕಿಪೀಡಿಯದ ‘ಯಾಣ’ ಲೇಖನ, ಬರೆದವರು ವಿಕಿಪೀಡಿಯ ಸಂಪಾದಕರು. ಪರವಾನಗಿ ಸಿಸಿ ಬಿವೈ-ಎಸ್‌ಎ 4.0. ಇಲ್ಲಿ ಚಿಕ್ಕದು ಮಾಡಿದ್ದೇವೆ.”

ಇದರ ಕೆಳಗೆ ಲೇಖನದ ವಿಳಾಸ, ಪರವಾನಗಿಯ ವಿಳಾಸ. ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಇದ್ದರೆ ಓದುವವರಿಗೂ ಅನುಕೂಲ. ‘ಕೃಪೆ: ಇಂಟರ್ನೆಟ್’ ಎಂದು ಬರೆಯುವ ಚಾಳಿ ನಮ್ಮಲ್ಲಿ ಜಾಸ್ತಿ. ಅದರಿಂದ ಯಾರಿಗೂ ಹೆಸರು ಸಿಗುವುದಿಲ್ಲ. ತಮ್ಮ ಬಿಡುವಿನ ಹೊತ್ತನ್ನು ನಮ್ಮ ಊರಿನ ಬಗ್ಗೆ ಬರೆಯಲು ಕೊಟ್ಟವರಿಗೆ ಆ ಒಂದು ಸಾಲನ್ನೂ ತಪ್ಪಿಸುವುದು ಅನ್ಯಾಯ, ಅಲ್ವಾ?

ಸ್ವಂತ ಮಾತು ಬೆರೆಸಿದರೆ?

ವಿಕಿಪೀಡಿಯದ ಪ್ಯಾರಾದೊಳಗೆ ನಿಮ್ಮ ವಾಕ್ಯ ಸೇರಿಸಿ ಹೊಸದು ಮಾಡಿದಿರಿ ಎನ್ನಿ. ಆ ಪ್ಯಾರಾ ಪೂರ್ತಿ ಎಲ್ಲರದ್ದೂ ಆಗುತ್ತದೆ. ಪಕ್ಕದ ಹೋಮ್‌ಸ್ಟೇಯವರು ಅದನ್ನೇ ಬಳಸಿದರೆ, ಷರತ್ತು ಪಾಲಿಸುವವರೆಗೆ, ನೀವು ತಡೆಯುವಂತಿಲ್ಲ. ಆದರೆ ಅದೇ ಹಾಳೆಯಲ್ಲಿ ಬೇರೆಯಾಗಿ ಇರುವ ನಿಮ್ಮ ದರಪಟ್ಟಿ, ಲೋಗೊ, ನೀವೇ ತೆಗೆದ ಫೋಟೊ ನಿಮ್ಮದಾಗಿಯೇ ಉಳಿಯುತ್ತವೆ.

ಇದು ಬೇಡ ಎನಿಸಿದರೆ ದಾರಿ ಸುಲಭ. ಓದಿ, ಮುಚ್ಚಿಟ್ಟು, ಸ್ವಂತ ಮಾತಿನಲ್ಲಿ ಬರೆಯಿರಿ. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್. ಇಂಥ ಮಾಹಿತಿಗೆ ಕಾಪಿರೈಟ್ ಇಲ್ಲ. ಕಾಪಿರೈಟ್ ಇರುವುದು ಅದನ್ನು ಬರೆದ ಬಗೆಗೆ. ನನ್ನನ್ನು ಕೇಳಿದರೆ ಊರಿನವರಿಗೆ ಇದೇ ಒಳ್ಳೆಯದು. ಮಳೆಗಾಲದಲ್ಲಿ ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಉಂಬಳ ಹತ್ತುತ್ತವೆ ಎಂದು ನಿಮಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಫೋಟೊದ ವಿಷಯ ಬೇರೆ

ಲೇಖನದ ಪರವಾನಗಿ ಅದರೊಳಗಿನ ಫೋಟೊಗೆ ತಾನಾಗಿ ಬರುವುದಿಲ್ಲ. ಫೋಟೊ ಮೇಲೆ ಒತ್ತಿ, ಅದರ ಸ್ವಂತ ಪುಟ ತೆರೆದು ನೋಡಿ. ಹೆಚ್ಚಿನವು ವಿಕಿಪೀಡಿಯದ ಫೋಟೊಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿರುತ್ತವೆ. ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತಿನ ಪರವಾನಗಿಯೊಂದೇ ಇರುವ ಫೋಟೊವನ್ನು ಅಲ್ಲಿ ಸೇರಿಸುವುದೇ ಇಲ್ಲ. ತೆಗೆದವರು ಯಾರು, ಯಾವ ಪರವಾನಗಿ ಎಂದು ಅಲ್ಲೇ ಬರೆದಿರುತ್ತದೆ. ಆ ಹೆಸರನ್ನೇ ಫೋಟೊದ ಕೆಳಗೆ ಹಾಕಿ. ಕತ್ತರಿಸಿದ್ದರೆ ಅದನ್ನೂ ಹೇಳಿ. ಇಂಗ್ಲಿಷ್ ವಿಕಿಪೀಡಿಯದಲ್ಲಿರುವ ಸಿನಿಮಾ ಪೋಸ್ಟರ್, ಕಂಪನಿ ಲೋಗೊಗಳನ್ನು ಮುಟ್ಟಬೇಡಿ. ಅವನ್ನು ಆ ಲೇಖನಕ್ಕೆ ಬೇಕೆಂದು ಮಾತ್ರ ಇಟ್ಟಿರುತ್ತಾರೆ.

ಮುರುಡೇಶ್ವರದ ಶಿವನ ಫೋಟೊ ಬಳಸಲು ಶಿಲ್ಪಿಯ ಒಪ್ಪಿಗೆ ಬೇಕಾ? ಬೇಡ. ಜನ ಓಡಾಡುವ ಜಾಗದಲ್ಲಿ ಕಾಯಂ ಇರುವ ಶಿಲ್ಪದ ಫೋಟೊ ತೆಗೆದು ಪ್ರಕಟಿಸಲು 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಫೋಟೊ ತೆಗೆದವರ ಪರವಾನಗಿ ಪಾಲಿಸಿದರೆ ಆಯಿತು.

ಮನುಷ್ಯರ ವಿಷಯ ಹಾಗಲ್ಲ. ಕೊರಳ ತುಂಬ ಮಣಿಸರ ಹಾಕಿಕೊಂಡ ಹಾಲಕ್ಕಿ ಅಜ್ಜಿಯ ಫೋಟೊ ಎಷ್ಟು ಕರಪತ್ರಗಳಲ್ಲಿ ಬಂದಿಲ್ಲ! ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟಿದ್ದು ಫೋಟೊ ತೆಗೆದವರು. ಅಜ್ಜಿ ಏನನ್ನೂ ಕೊಟ್ಟಿಲ್ಲ. ಚಿತ್ರದಲ್ಲಿರುವವರ ಖಾಸಗಿತನ ಈ ಪರವಾನಗಿಯಲ್ಲಿ ಬರುವುದಿಲ್ಲ ಎಂದು 4.0ರಲ್ಲೇ ಸ್ಪಷ್ಟವಾಗಿ ಬರೆದಿದೆ. ನಿಮ್ಮ ರೂಮಿನ ಜಾಹೀರಾತಿಗೆ ಅವರ ಮುಖ ಬೇಕಿದ್ದರೆ ಅವರನ್ನೇ ಕೇಳಿ. ಕೇಳಲು ಆಗದಿದ್ದರೆ ಆ ಫೋಟೊ ಬಿಟ್ಟುಬಿಡಿ. ಸುಮ್ನೆ ಚಂದ ಕಾಣುತ್ತದೆ ಎಂದು ಯಾರದೋ ಮನೆಯ ಹಿರಿಯರನ್ನು ಜಾಹೀರಾತಿಗೆ ನಿಲ್ಲಿಸಬಾರದು.

ವಿಕಿಪೀಡಿಯದ ಹೆಸರು, ಚೆಂಡಿನಾಕಾರದ ಲೋಗೊ ಎರಡೂ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಷನ್‌ನ ಟ್ರೇಡ್‌ಮಾರ್ಕ್. ಮೂಲ ಹೇಳಲು ಹೆಸರು ಬರೆಯಬಹುದು. ಅವರೇ ನಿಮ್ಮ ಹೋಮ್‌ಸ್ಟೇ ಮೆಚ್ಚಿದ್ದಾರೆ ಎನ್ನುವ ಹಾಗೆ ಲೋಗೊ ಹಾಕುವಂತಿಲ್ಲ.

ಅಚ್ಚಾದ ಮೇಲೆ ಹೆಸರು ಬಿಟ್ಟಿದ್ದು ಗೊತ್ತಾದರೆ? ಷರತ್ತು ಮುರಿದ ಕೂಡಲೇ ಬಳಸುವ ಹಕ್ಕು ಹೋಗುತ್ತದೆ. ತಪ್ಪು ಗಮನಕ್ಕೆ ಬಂದ 30 ದಿನದೊಳಗೆ ಸರಿಪಡಿಸಿದರೆ 4.0ರಲ್ಲಿ ಹಕ್ಕು ತಾನಾಗಿ ವಾಪಸ್ ಬರುತ್ತದೆ. ಉಳಿದ ಪ್ರತಿಗಳಿಗೆ ಚೀಟಿ ಅಂಟಿಸಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಪಿಡಿಎಫ್ ಅನ್ನು ಅವತ್ತೇ ಬದಲಿಸಿ.